ಮುನಿಸಿಕೊಂಡ ಬಿಟ್ಟು
ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಯಾವ ಕಟ್ಟಡದ ಕೆಲಸವೇ ಇರಲಿ, ಡ್ರಿಲ್ ಮಷೀನಿನ ಬಾಯಲ್ಲಿ ತೂತು ಕೊರೆಯುವ ಬಿಟ್ಟು ಸಿಕ್ಕಿಕೊಂಡಿತೆಂದರೆ ಎಲ್ಲರಿಗೂ ಮೊದಲು ನೆನಪಾಗುವವನು ಓಬಣ್ಣ. ಆದರೆ ‘ಸಿಕ್ಕೊಂಡೈತಿ’ ಅಂದವರನ್ನು ಅವನು ಸುಮ್ಮನೆ ಬಿಡುವವನಲ್ಲ. “ಸಿಕ್ಕೊಂಡಿಲ್ಲ, ಮುನಿಸ್ಕೊಂಡೈತಿ. ಹೆಸರು ನೋಡಿದ್ರ ಬಿಟ್ಟು, ಆದ್ರ ಬಿಡವಲ್ದು!” ಎಂದು ತಾನೇ ನಗುತ್ತಾನೆ. ಮನುಷ್ಯರನ್ನೆಲ್ಲ ‘ಲೇ’ ಎನ್ನುವ ಈ ಮಹಾರಾಯ ಮಷೀನಿಗೆ ಮಾತ್ರ ಬಹುವಚನ ಕೊಡುತ್ತಾನೆ. ಇಂಜಿನಿಯರು ಬಿಸಿಲಲ್ಲಿ ಬೇಯುತ್ತಿದ್ದರೂ ನೆರಳು ಮೊದಲು ಮಷೀನಿಗೆ. ಕುರುಗೋಡಿನಲ್ಲೊಮ್ಮೆ ಗಾರೆಯವನೊಬ್ಬ ಸಿಕ್ಕಿದ ಬಿಟ್ಟಿಗೆ ಬಡಿಯಲು ಸುತ್ತಿಗೆ ಎತ್ತಿದ್ದಕ್ಕೆ, “ನಿನ್ನ ದವಡಿ ಹಿಡಕೊಂಡ್ರ ಸುತ್ತಿಗಿಲೆ ಬಡೀತಾರೇನಲೇ?” ಎಂದು ಗದರಿದ್ದ. ಓಬಣ್ಣನ ರೀತಿಯೇ ಬೇರೆ: ಮೊದಲು ಪ್ಲಗ್ಗಿನಿಂದ ವೈರು ಕಿತ್ತು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಿಮೆಂಟಿನ ಧೂಳು ಕೆರೆದು, ನಾಲ್ಕು ಹನಿ ಎಣ್ಣೆ ಇಳಿಸಿ, ಒಂದು ಚಹಾ ಮುಗಿಯುವ ತನಕ ಯಾರಿಗೂ ಮುಟ್ಟಗೊಡುವುದಿಲ್ಲ. ಆಮೇಲೆ ಮೆಲ್ಲಗೆ ಅತ್ತಿತ್ತ ಆಡಿಸುತ್ತ, “ಬರ್ರಿ, ನಿಮ್ಮನ್ನ ಯಾರೂ ಬಡ್ಯಂಗಿಲ್ಲ” ಎಂದು ರಮಿಸಿದನೆಂದರೆ ಬಿಟ್ಟು ಕಳಚಿ ಅಂಗೈಗೆ ಬರುತ್ತದೆ. ಈ ವಿದ್ಯೆ ಎಲ್ಲಿ ಕಲಿತೆ ಎಂದು ಕೇಳಿದರೆ “ಮನ್ಯಾಗ” ಎನ್ನುತ್ತಾನೆ. ಎಲ್ಲರೂ ಅದನ್ನು ತಮಾಷೆ ಎಂದುಕೊಳ್ಳುತ್ತಾರೆ. ಇಪ್ಪತ್ತು ವರ್ಷ ಮಷೀನು ಹಿಡಿದು ನಡುಗಿದ ಅವನ ಬಲಗೈ ಬೆರಳುಗಳು ದಿನಾ ಬೆಳಿಗ್ಗೆ ಮುಷ್ಟಿಯಾಗಿ ಬಿಗಿದುಕೊಂಡಿರುತ್ತವೆ. ಹೆಂಡತಿ ಉಚ್ಚೆಂಗೆಮ್ಮ ಬೆಚ್ಚನೆಯ ಎಣ್ಣೆ ಹಚ್ಚಿ, ಒಲೆಯ ಮೇಲಿನ ಚಹಾ ಕುದಿಯುವ ತನಕ ಕಾದು, ಒಂದೊಂದೇ ಬೆರಳನ್ನು ಬಿಡಿಸುತ್ತ ಅವುಗಳಿಗೆ ಹೇಳುತ್ತಾಳೆ: “ಬರ್ರಿ, ನಿಮ್ಮನ್ನ ಯಾರೂ ಬಡ್ಯಂಗಿಲ್ಲ.”