ಕೆಂಪಮ್ಮನ ಬಿಳಿ ಕಣಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೃಷ್ಟಿ ತಾಗಿತು, ಕನಸಿನಲ್ಲಿ ಸೂಚನೆ ಬಂತು ಎಂದು ಯಾರಾದರೂ ಹೇಳಿದರೆ ಮುಖದ ಮೇಲೇ ನಗುತ್ತಿದ್ದವಳು ನಾನು. ಒಮ್ಮೆ ನಮ್ಮ ಸೋದರತ್ತೆ ನನಗೆ ನಿವಾಳಿಸಲು ನಿಂಬೆಹಣ್ಣು ತಂದಾಗ, ಅದನ್ನು ಕಸಿದುಕೊಂಡು ಪಾನಕ ಮಾಡಿ ಕುಡಿದಿದ್ದೆ. ಅತ್ತೆ ಎರಡು ವರ್ಷ ಮಾತು ಬಿಟ್ಟಿದ್ದರು. ಅಂಥವಳ ಕಣ್ಣೆದುರೇ ಇದು ನಡೆಯಿತು. ಅದೂ ಮಟಮಟ ಮಧ್ಯಾಹ್ನ, ಟ್ಯೂಬ್‌ಲೈಟಿನ ಕೆಳಗೆ.

ಆಗ ನಾನು ಬಾಬುರಾಯನಕೊಪ್ಪಲಿನ ಹತ್ತಿರದ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಒಂದು ಜಾತಿಯವು ಕ್ಯಾನ್ಸರ್ ಜೀವಕೋಶವನ್ನು ಕಂಡರೆ ಮೇಲೆ ಬಿದ್ದು ಕೊಲ್ಲುತ್ತವೆ. ಆರೋಗ್ಯವಂತರ ರಕ್ತದಿಂದ ಅವನ್ನು ಬೇರೆ ಮಾಡಿ, ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ನಡುವೆ ಬಿಟ್ಟು, ಯಾರವು ಎಷ್ಟು ಚುರುಕು ಎಂದು ನೋಡುವುದು ನನ್ನ ಕೆಲಸ. ಜೊತೆಗೆ ರಕ್ತ ಕೊಟ್ಟವರ ಊಟ, ನಿದ್ದೆ, ದುಡಿಮೆ, ಮನಸ್ಸಿನ ಸ್ಥಿತಿ ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದೆ. ಬದುಕುವ ರೀತಿಗೂ ದೇಹದ ಕಾವಲಿಗೂ ಏನು ನಂಟು ಎಂಬುದೇ ನನ್ನ ಪ್ರಶ್ನೆ.

ಆ ತಿಂಗಳು ಮಾತ್ರ ಯಾರ ಕಣಗಳೂ ಕೆಲಸ ಮಾಡಲಿಲ್ಲ. ಇನ್ನು ಹತ್ತು ದಿನಕ್ಕೆ ಪರಿಶೀಲನಾ ಸಮಿತಿ ಬರುವುದಿತ್ತು. ತೋರಿಸಲು ಏನೂ ಇಲ್ಲದಿದ್ದರೆ ಯೋಜನೆಯೇ ನಿಂತುಹೋಗುತ್ತದೆ ಎಂದು ನನ್ನ ಮಾರ್ಗದರ್ಶಕರು ಎಚ್ಚರಿಸಿದ್ದರು. ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಪಾಡು ನೋಡಲಾಗದೆ ಲ್ಯಾಬಿನ ಟೆಕ್ನಿಷಿಯನ್ ರವೀಶ ಪಾಂಡವಪುರದ ಆಚೆಯ ತನ್ನ ಊರಿನಿಂದ ದೊಡ್ಡಮ್ಮ ಕೆಂಪಮ್ಮನನ್ನು ಕರೆತಂದ. ಮೂರು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. ವಯಸ್ಸು ಅರವತ್ತರ ಹತ್ತಿರ, ಧ್ವನಿಗೆ ಮಾತ್ರ ಇಪ್ಪತ್ತೈದು. ಜ್ವರ ಅಂದರೇನೆಂದೇ ಗೊತ್ತಿಲ್ಲ ಎಂದರು.

ರಕ್ತ ತೆಗೆದುಕೊಂಡ ಮೇಲೆ ನಾನು ಪ್ರಶ್ನೆಗಳ ನಮೂನೆ ಹಿಡಿದು, "ದಿನಕ್ಕೆ ಎಷ್ಟು ಸಲ ಕೋಪ ಬರುತ್ತೆ ಕೆಂಪಮ್ಮನವರೇ?" ಎಂದು ಕೇಳಿದೆ.

"ಬಂದಿದ್ ಕ್ವಾಪ ಓದ್ರೆ ತಾನೇ ಕಣವ್ವ, ತಿರ್ಗಾ ಬರಾದು?"

ಆ ಜಾಗದಲ್ಲಿ 'ಸದಾ' ಎಂದು ಬರೆದುಕೊಂಡೆ.

ಇಷ್ಟಾದರೂ ಕೆಂಪಮ್ಮನ ಕಣಗಳು ಎಲ್ಲರ ಕಣಗಳಿಗಿಂತ ಸೋಮಾರಿಗಳಾಗಿದ್ದವು. ಮೂರು ದಿನ ಕಳೆದರೂ ಒಂದೂ ಮಿಸುಕಲಿಲ್ಲ. ನಾಲ್ಕನೆಯ ದಿನ ಎರಡನೆಯ ಸಲ ರಕ್ತ ಕೊಡಲು ಬಂದವರು, "ಓದ್ ಸಲ ಕೊಟ್ಟಿದ್ದ ಏನ್ಮಾಡುದ್ರಿ, ತೋರ್ಸಿ ಮೊದ್ಲು" ಎಂದು ಪಟ್ಟು ಹಿಡಿದರು. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ್ದ ಕ್ಯಾಮೆರಾ ನಿಮಿಷಕ್ಕೊಂದು ಚಿತ್ರ ತೆಗೆಯುತ್ತಿತ್ತು. ಅದರ ಪರದೆಯ ಮುಂದೆ ಅವರನ್ನು ಕೂರಿಸಿದೆವು. ದೊಡ್ಡದಾಗಿ ಹರಡಿಕೊಂಡಿರುವವು ಕ್ಯಾನ್ಸರ್ ಕೋಶಗಳು, ಸುತ್ತ ದುಂಡಗೆ ಸಣ್ಣಗಿರುವವು ನಿಮ್ಮವು ಎಂದು ವಿವರಿಸಿದೆ.

"ನಮ್ಮವು ಯಾಕೆ ಇಂಗೆ ಕುಂತವೆ?"

"ಅದೇ ಗೊತ್ತಾಗ್ತಿಲ್ಲ. ಹೋಗಿ ಹೊಡೀಬೇಕಿತ್ತು."

ಕೆಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪರದೆಗೆ ಮುಖವಿಟ್ಟರು. "ಏನ್ರಲಾ! ಮದ್ವೆ ಮನೇಲಿ ಎರಡ್ನೇ ಪಂಕ್ತಿಗೆ ಕಾಯ್ತಾ ಕುಂತಂಗೆ ಕುಂತಿದ್ದೀರಲ್ಲ! ಮುದ್ದೆ ತಿನ್ಸಿ ಸಾಕಿದ್ದು ಇದುಕ್ಕೇನ್ರಲಾ? ಊರೋರ್ ಮುಂದೆ ನನ್ ಮಾನ ಕಳ್ದ್ಬುಟ್ರಲ್ಲಾ! ಎದ್ದೇಳ್ರಲಾ, ಮೂದೇವಿಗಳಾ!"

ರವೀಶ ನಾಚಿಕೆಯಿಂದ ಬಾಗಿಲ ಕಡೆ ತಿರುಗಿದ. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ. ಆಮೇಲೆ ಪರದೆ ನೋಡಿದೆ.

ಕಣಗಳು ಹೊರಟಿದ್ದವು. ಒಂದೆರಡಲ್ಲ, ಎಲ್ಲವೂ. ಕಾಲುಗಂಟೆಯಲ್ಲಿ ಒಂದೊಂದು ಕ್ಯಾನ್ಸರ್ ಕೋಶಕ್ಕೆ ನಾಲ್ಕೈದು ಮುತ್ತಿಕೊಂಡವು. ನಾವು ಊಟ ಮರೆತು ನೋಡುತ್ತ ಕುಳಿತೆವು. ಸಂಜೆಯ ಹೊತ್ತಿಗೆ ತಟ್ಟೆಯಲ್ಲಿ ಜೀವಂತ ಕ್ಯಾನ್ಸರ್ ಕೋಶ ಹುಡುಕಿದರೂ ಸಿಗಲಿಲ್ಲ. ಕೆಂಪಮ್ಮ ಮಾತ್ರ, ಹಾಲು ಕರೆಯುವ ಹೊತ್ತಾಯಿತು ಎಂದು ನಾಲ್ಕು ಗಂಟೆಗೇ ಬಸ್ಸು ಹತ್ತಿದ್ದರು.

ಮಾರನೆಯ ದಿನದಿಂದ ನಾವು ಮಾಡಿದ್ದನ್ನು ಬರೆಯಲು ಸಂಕೋಚವಾಗುತ್ತದೆ. ಅವರ ಎರಡನೆಯ ರಕ್ತದ ಕಣಗಳಿಗೆ ನಾನು ಬೈದೆ, ಏನೂ ಆಗಲಿಲ್ಲ. ರವೀಶ ನನಗೆ ಗೊತ್ತಿಲ್ಲದ ಪದಗಳಲ್ಲಿ ಬೈದ, ಅದಕ್ಕೂ ಜಗ್ಗಲಿಲ್ಲ. ಮಾರ್ಗದರ್ಶಕರು, ಕೆಂಪಮ್ಮನ ಉಸಿರಿನ ಬಿಸಿಯೋ ಮೇಜಿನ ಅದುರೋ ಕಾರಣವಿರಬೇಕು ಎಂದರು. ಬಿಸಿ ಗಾಳಿ ಬಿಟ್ಟೆವು, ಮೇಜು ಅಲುಗಾಡಿಸಿದೆವು. ಕೆಂಪಮ್ಮನ ಬೈಗುಳವನ್ನೇ ಮೊಬೈಲಿನಲ್ಲಿ ತುಂಬಿಕೊಂಡು ಬಂದು ಕೇಳಿಸಿದೆವು. ಕಣಗಳು ಕದಲಲಿಲ್ಲ. ಕೊನೆಗೆ ಅವರನ್ನೇ ಕರೆಸಿದೆವು. ಅವರು ಬೈದರು, ಕಣಗಳು ಎದ್ದವು. ಬೇರೆಯವರ ಕಣಗಳಿಗೆ ಬೈಯಿರಿ ಎಂದಾಗ ಬೈದರೂ ಅವು ಏಳಲಿಲ್ಲ.

"ಅವು ನನ್ ಮಾತ್ ಯಾಕೆ ಕೇಳ್ತವೆ? ಅವ್ರವ್ವನ್ನ ಕರ್ಸಿ" ಎಂದು ಹೇಳಿ ಎದ್ದುಹೋದರು.

ಆಮೇಲೆ ಗೊತ್ತಾಯಿತು, ಆ ತಿಂಗಳು ಕಣಗಳನ್ನು ಸಾಕಲು ತರಿಸಿದ್ದ ದ್ರಾವಣವೇ ಕೆಟ್ಟಿತ್ತು. ಹೊಸದು ತಂದ ಕೂಡಲೇ ಎಲ್ಲರ ಕಣಗಳೂ ಕೆಲಸ ಮಾಡಿದವು. ಸಮಿತಿ ಒಪ್ಪಿತು, ನನ್ನ ಪಿಎಚ್.ಡಿ. ಉಳಿಯಿತು. ಹಾಗಾದರೆ ಆ ಕೆಟ್ಟ ದ್ರಾವಣದಲ್ಲೇ ಕೆಂಪಮ್ಮನ ಕಣಗಳು ಎದ್ದದ್ದು ಹೇಗೆ? ಆ ಭಾಗವನ್ನು ಪ್ರಬಂಧದಲ್ಲಿ ಬರೆಯಬೇಡ, ನನಗಿನ್ನೂ ನಿವೃತ್ತಿಗೆ ಆರು ವರ್ಷವಿದೆ ಎಂದು ಮಾರ್ಗದರ್ಶಕರು ಕೈಮುಗಿದರು.

ಆದರೆ ರವೀಶನ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಸುದ್ದಿ ಹಬ್ಬಿತು. ಕೆ.ಆರ್. ಪೇಟೆ ಕಡೆಯ ಚನ್ನೇಗೌಡ ಎಂಬವರು, ಬಾಯಲ್ಲಿ ಆರದ ಹುಣ್ಣಿಟ್ಟುಕೊಂಡು ಆಸ್ಪತ್ರೆಗೆ ಹೆದರಿ ಆರು ತಿಂಗಳು ತಳ್ಳಿದ್ದವರು, ಬಾಳೆಹಣ್ಣಿನ ಚಿಪ್ಪು ಹಿಡಿದು ಕೆಂಪಮ್ಮನ ಕೊಟ್ಟಿಗೆಯ ಮುಂದೆ ಬಂದು ನಿಂತರು. "ಒಂದ್ಸಲ ಬೈದ್ಬುಡವ್ವ, ಒಂಟೋಯ್ತೀನಿ."

ಕೆಂಪಮ್ಮ ಬೈದರಂತೆ. ಆದರೆ ಹುಣ್ಣಿಗಲ್ಲ, ಚನ್ನೇಗೌಡರಿಗೆ. "ನಂಗೆ ಬೈಯಕ್ ಬತ್ತದೆ, ಕುಯ್ಯಕ್ ಬರಕಿಲ್ಲ ಕಣಯ್ಯ! ಆರ್ ತಿಂಗ್ಳು ಬಾಯ್ ಮುಚ್ಕೊಂಡ್ ಕುಂತಿದ್ದೀಯಲ್ಲ, ಎಂಡ್ರು ಮಕ್ಳು ಇಲ್ವಾ ನಿಂಗೆ? ನಡಿ ಡಾಕ್ಟ್ರತ್ರಕ್ಕೆ!" ಅಷ್ಟಕ್ಕೇ ಬಿಡದೆ, ಎಮ್ಮೆಗಳನ್ನು ಪಕ್ಕದ ಮನೆಗೆ ಒಪ್ಪಿಸಿ, ತಾವೇ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಪರೀಕ್ಷೆ ಮುಗಿಯುವವರೆಗೂ ಬಾಗಿಲಲ್ಲಿ ಕಾವಲು ಕೂತರು. ಕ್ಯಾನ್ಸರೇ ಆಗಿತ್ತು. ಶಸ್ತ್ರಚಿಕಿತ್ಸೆಯಾಯಿತು, ಉಳಿದ ಚಿಕಿತ್ಸೆಯೂ ಆಯಿತು. ಚನ್ನೇಗೌಡರು ಈಗಲೂ ಇದ್ದಾರೆ, ಸಾರಿಗೆ ಉಪ್ಪು ಸಾಲದು ಎಂದು ಮನೆಯವರೊಡನೆ ಜಗಳವಾಡಿಕೊಂಡು. ಇದರಲ್ಲಿ ವಿಚಿತ್ರವೇನೂ ಇಲ್ಲ. ಓದುಗರು ದಯವಿಟ್ಟು ತಪ್ಪು ತಿಳಿಯಬಾರದು, ಅವರನ್ನು ಉಳಿಸಿದ್ದು ವೈದ್ಯರು.

ನನಗೆ ಬಿಡಿಸಲಾಗದ್ದು ಆ ತಟ್ಟೆ. ಹೋದ ವರ್ಷ ಹಳೆಯ ಕಡತಗಳನ್ನು ತೆರೆದಾಗ ಕೆಂಪಮ್ಮ ಮೊದಲ ಸಲ ಬೈದ ದಿನದ ಚಿತ್ರಗಳು ಸಿಕ್ಕವು. ಒಂದೊಂದಾಗಿ ನೋಡಿದೆ, ಮೂಲೆಯಲ್ಲಿದ್ದ ಸಮಯವನ್ನೂ ನೋಡಿದೆ. ಕಣಗಳು ಕದಲಲು ಶುರು ಮಾಡಿದ್ದು ಕೆಂಪಮ್ಮ ಬಾಯಿ ತೆರೆದ ಮೇಲಲ್ಲ. ಅದಕ್ಕೆ ಅರ್ಧಗಂಟೆ ಮೊದಲು, ಅವರಿನ್ನೂ ಬಸ್ಸಿನಲ್ಲಿದ್ದಾಗಲೇ, ಪ್ರತಿಯೊಂದೂ ಇದ್ದಲ್ಲೇ ಸಣ್ಣಗೆ ಅದುರತೊಡಗಿತ್ತು. ಕ್ಯಾಮೆರಾದ ಗಡಿಯಾರ ತಪ್ಪಿರಬಹುದೆಂದು ಮೂರು ಸಲ ತಾಳೆ ನೋಡಿದೆ. ತಪ್ಪಿರಲಿಲ್ಲ.

ತಡೆಯಲಾರದೆ ಕೆಂಪಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅವ್ವ ಬತ್ತಾವ್ಳೆ ಅಂತ ಗೊತ್ತಾಗಿರ್ತದೆ ಬುಡು" ಎಂದರು. ಆಮೇಲೆ ನಾನು ಎಂದೂ ಕೇಳದಷ್ಟು ಮೆತ್ತಗಿನ ಧ್ವನಿಯಲ್ಲಿ ಕೇಳಿದರು: "ಈಗ ಎಲ್ಲಿ ಅವೆ ಕಣವ್ವ ಅವು?"

ಪ್ರಯೋಗ ಮುಗಿದ ಮೇಲೆ ತಟ್ಟೆಗೆ ಬ್ಲೀಚ್ ಸುರಿದು ಬಿಸಾಡುವುದು ನಮ್ಮ ನಿಯಮ. ಅಂದು ಸಂಜೆ ನಾನೇ ಸುರಿದಿದ್ದೆ.

"ಚೆನ್ನಾಗಿವೆ ಕೆಂಪಮ್ಮನವರೇ" ಎಂದೆ.