ದೊಡ್ಡಮ್ಮನ ದ್ರಾಕ್ಷಾರಸ

ಮೊನ್ನೆ ಚಾಮರಾಜಪೇಟೆಯ ನಮ್ಮ ರಸ್ತೆ ಮೂಲೆಯಲ್ಲಿ ಒಂದು ತಳ್ಳುಗಾಡಿ ನಿಂತಿತ್ತು. ಬೀಜದ ಕಪ್ಪು ದ್ರಾಕ್ಷಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನನ್ನ ಮೇಲೇ ಹೇಸಿಗೆ ಬಂತು. ದ್ರಾಕ್ಷಿ ಕಂಡರೆ ಹೇಸಿಗೆ ಪಡೋ ಮನುಷ್ಯ ಎಂಥವನಪ್ಪ ಅಂತ ನೀವು ಕೇಳಬಹುದು. ಹೇಳ್ತೀನಿ, ಕೂತ್ಕೊಳ್ಳಿ.

ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಪ್ರಭು ಭೋಜನ. ಅಂದರೆ ಎಲ್ಲರೂ ಎದ್ದು ಮುಂದಿನ ಮೇಜಿನ ಹತ್ತಿರ ಹೋಗಿ, ಮೊಣಕಾಲೂರಿ, ಪ್ರಭುವಿನ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತಗೊಳ್ಳೋದು. ಅದಕ್ಕೆ ಬೇಕಾದ ದ್ರಾಕ್ಷಾರಸವನ್ನು ನಮ್ಮ ದೊಡ್ಡಮ್ಮ ಮನೆಯಲ್ಲೇ ಮಾಡುತ್ತಿದ್ದರು. ಹಣ್ಣು ಕುದಿಸಿ, ಹಳೇ ಪಂಚೆಯಲ್ಲಿ ಸೋಸಿ, ಭರಣಿಗೆ ತುಂಬಿ, ಶನಿವಾರ ಸಂಜೆ ತಾವೇ ಹೊತ್ತುಕೊಂಡು ಹೋಗಿ ಕೊಡೋರು. ಒಂದು ಚಮಚ ಕೇಳಿದರೆ "ಇದು ನಿನ್ನ ನಾಲಗೆಗಲ್ಲ ಕಣೋ" ಅಂತ ಕೈಗೆ ಹೊಡೆಯೋರು.

ಭೋಜನಕ್ಕೆ ಮುಂಚೆ ಇನ್ನೊಂದು ಪದ್ಧತಿ. ಒಬ್ಬರಿಗೊಬ್ಬರು ಸಮಾಧಾನ ಹೇಳಿ ಅನ್ನುತ್ತಾರೆ ಅಯ್ಯನೋರು, ಅಂದರೆ ನಮ್ಮ ಪಾದ್ರಿಗಳು. ಮನಸ್ತಾಪ ಇದ್ದವರು ಮೇಜಿಗೆ ಹೋಗೋ ಮುಂಚೆ ರಾಜಿಯಾಗಲಿ ಅಂತ ಎಲ್ಲರೂ ಎದ್ದು ಕೈ ಕುಲುಕಬೇಕು. ನಮ್ಮ ಜನದ ಜಾಣತನ ನೋಡಿ, ಜಗಳವೇ ಇಲ್ಲದವರ ಕೈಯನ್ನು ಹುಡುಕಿ ಹುಡುಕಿ ಕುಲುಕುತ್ತೇವೆ. ಮಾತು ಬಿಟ್ಟ ಷಡ್ಡಕ ಎದುರಿಗೆ ಬಂದರೆ ಸರಿಯಾಗಿ ಆಗಲೇ ಕನ್ನಡಕ ಒರೆಸೋದು ನೆನಪಾಗುತ್ತದೆ. ದೇವರಿಗೆ ಇದೆಲ್ಲ ಕಾಣಲ್ಲ ಅನ್ನೋದು ನಮ್ಮ ಗಟ್ಟಿ ನಂಬಿಕೆ. ಬೇರೆ ಯಾವ ನಂಬಿಕೆಯೂ ನಮ್ಮಲ್ಲಿ ಅಷ್ಟು ಗಟ್ಟಿಯಿಲ್ಲ.

ಆ ಕಾಲಕ್ಕೆ ನಾನು ಹೊಸದಾಗಿ ಚರ್ಚಿನ ಕಮಿಟಿಗೆ ಆಯ್ಕೆಯಾಗಿ ಬೀಗುತ್ತಿದ್ದೆ. ಭೋಜನದ ರಸ ಹಿಡಿಯೋ ಒಂಟಿಕಾಲಿನ ಬೆಳ್ಳಿ ಪಾತ್ರೆ ಮಂಕಾಗಿದೆ, ಪಾಲಿಷ್ ಮಾಡಿಸ್ತೀನಿ ಅಂತ ನಾನೇ ಮುಂದೆ ಬಿದ್ದೆ. ಚರ್ಚು ಗುಡಿಸಿ ಗಂಟೆ ಹೊಡೆಯುತ್ತಿದ್ದ ಚಿನ್ನಪ್ಪ ಬೀರು ತೆಗೆದು ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. "ಹುಷಾರು ಸಾರ್, ಅದರ ಕಾಲು ನಾಜೂಕು" ಅಂದ. ನನಗೆ ಬುದ್ಧಿ ಹೇಳೋಕೆ ಇವನ್ಯಾರು ಅಂದುಕೊಂಡೆ. ಪಾಲಿಷ್ ಮಾಡಿಸಿ ಕಾಟನ್‌ಪೇಟೆಯಿಂದ ಬರುವಾಗ, ಸ್ಕೂಟರಿನ ಹ್ಯಾಂಡಲ್ಲಿಗೆ ನೇತುಹಾಕಿದ್ದ ಚೀಲ ರೋಡ್ ಹಂಪಿನ ಮೇಲೆ ಬಿತ್ತು. ಪಾತ್ರೆಯ ಕಾಲು ಮುರಿಯಿತು. ಅಂಟು ಮೆತ್ತಿ ನಿಲ್ಲಿಸಿ, ಶನಿವಾರ ಚಿನ್ನಪ್ಪನ ಕೈಲಿ ಬೀರು ತೆಗೆಸಿ, ಸುತ್ತಿದ ಬಟ್ಟೆ ಬಿಚ್ಚದೆ ಒಳಗಿಟ್ಟು ಬಂದೆ. ಮರುದಿನ ಭೋಜನದ ಹೊತ್ತಿಗೆ ಅಯ್ಯನೋರು ಎತ್ತಿದಾಗ ಕಾಲು ಕಳಚಿ ಬಿತ್ತು. ದೊಡ್ಡಮ್ಮನ ರಸವೆಲ್ಲ ಬಿಳಿ ಬಟ್ಟೆ ಮೇಲೆ ಚೆಲ್ಲಿಹೋಯಿತು.

ಕಮಿಟಿ ಕೇಳಿತು. "ನಾನು ಇಟ್ಟಾಗ ಚೆನ್ನಾಗೇ ಇತ್ತು" ಅಂದೆ. ಬೀರುವಿನ ಬೀಗದ ಕೈ ಇದ್ದದ್ದು ಚಿನ್ನಪ್ಪನ ಹತ್ತಿರ. ಆ ದೊಡ್ಡ ಮನುಷ್ಯರಲ್ಲಿ ಒಬ್ಬರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಇಸ್ತ್ರಿ ಷರ್ಟಿನವನ ಮಾತಿಗೆ ನಮ್ಮಲ್ಲಿ ಅಷ್ಟು ಬೆಲೆ. ಚಿನ್ನಪ್ಪನನ್ನು ಕೆಲಸದಿಂದ ತೆಗೆದರು. ಅವನು ನನ್ನನ್ನೊಮ್ಮೆ ನೋಡಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದ.

ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ದೊಡ್ಡಮ್ಮನಿಗೆ ಹೇಳಿದೆ. ಸೈತಾನ ನನ್ನ ಬಾಯಲ್ಲಿ ಸುಳ್ಳು ಆಡಿಸಿಬಿಟ್ಟ ಅಂತ ಬೇರೆ ಸೇರಿಸಿದೆ.

"ಅವನ ಹೆಸರು ಯಾಕೆ ತರ್ತೀಯ? ಅವನು ಬರೋ ಅಷ್ಟೊತ್ತಿಗೆ ನೀನೇ ಕೆಲಸ ಮುಗಿಸಿದ್ದೆ" ಅಂದರು. ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಮೊದಲನೇ ಮನುಷ್ಯನೂ ಇದನ್ನೇ ಮಾಡಿದ್ದು. ದೇವರು ಬೇಡ ಅಂದ ಹಣ್ಣು ತಿಂದಿದ್ದು ಹಾಗಿರಲಿ. ದೇವರು ಕೇಳಿದಾಗ ಹೆಂಡತಿ ಕಡೆ ಕೈ ತೋರಿಸಿದ್ನಲ್ಲ, ಅಲ್ಲಿ ಮುರೀತು ನೋಡು ಸಂಬಂಧ. ಹೋಗಿ ಒಪ್ಕೋ. ಅಲ್ಲೀವರೆಗೂ ನನ್ನ ಕೈ ರಸ ಆ ಮೇಜಿಗೆ ಹೋಗಲ್ಲ."

ನಾನು ಹೋಗಲಿಲ್ಲ. ದೊಡ್ಡಮ್ಮ ರಸ ಕಳಿಸಲಿಲ್ಲ, ತಾವೂ ಭೋಜನಕ್ಕೆ ಏಳಲಿಲ್ಲ. ಬೆಂಚಿನ ಮೇಲೆ ಸುಮ್ಮನೆ ಕೂತಿರೋರು. ಮುದುಕಿಗೆ ಸೊಕ್ಕು ಅಂದರು ಜನ. ಅಷ್ಟು ಅನ್ನಿಸಿಕೊಂಡರೂ ನನ್ನ ಹೆಸರು ಬಿಟ್ಟುಕೊಡಲಿಲ್ಲ. ಕಮಿಟಿ ಅಂಗಡಿಯಿಂದ ಬಾಟಲಿ ಶರಬತ್ತು ತರಿಸಿತು. ಕೇಡಿನಿಂದ ನಮ್ಮನ್ನು ಕಾಪಾಡು ಅಂತ ರಾಗವಾಗಿ ಪ್ರಾರ್ಥಿಸಿ ನಾನು ತಿಂಗಳು ತಿಂಗಳೂ ಅದನ್ನು ಕುಡಿದೆ. ಗಂಟಲಿಗೆ ಸಿಕ್ಕಿಕೊಂಡಿತು ಅಂತ ಬರೆದರೆ ನಿಮಗೆ ಚೆನ್ನಾಗಿರುತ್ತಿತ್ತು. ಸಲೀಸಾಗಿ ಇಳಿಯಿತು. ಚಿನ್ನಪ್ಪ ಪಾತ್ರೆ ಮುರಿದು ಮುಚ್ಚಿಟ್ಟವನು ಅನ್ನಿಸಿಕೊಂಡೇ ತೀರಿಕೊಂಡ. ದೊಡ್ಡಮ್ಮನೂ ಹೋದರು.

ಮೊನ್ನೆ ಆ ದ್ರಾಕ್ಷಿ ಕೊಂಡೆ. ದೊಡ್ಡಮ್ಮನ ಹಾಗೇ ಕುದಿಸಿ, ಸೋಸಿ, ಅವರ ಅದೇ ಭರಣಿಗೆ ತುಂಬಿ ಶನಿವಾರ ಕೊಟ್ಟು ಬಂದೆ. ಭಾನುವಾರ ಕೈ ಕುಲುಕುವ ಹೊತ್ತಿಗೆ ಸೀದಾ ಹಿಂದಿನ ಬೆಂಚಿಗೆ ಹೋದೆ. ಅಲ್ಲಿ ಚಿನ್ನಪ್ಪನ ಮಗಳು ರೂತ್ ಕೂರುತ್ತಾಳೆ. ಅಪ್ಪನ ಕೆಲಸ ಹೋದಾಗಿಂದ ಅವಳೂ ಭೋಜನಕ್ಕೆ ಎದ್ದವಳಲ್ಲ.

"ಪಾತ್ರೆ ಮುರಿದದ್ದು ನಾನಮ್ಮ" ಅಂತ ಕೈ ಚಾಚಿದೆ.

ಅವಳು ಕೈ ಕೊಡಲಿಲ್ಲ. "ನಂಗೆ ಗೊತ್ತಿರೋದನ್ನ ನಂಗ್ಯಾಕೆ ಹೇಳ್ತೀರ ಅಂಕಲ್? ಗೊತ್ತಿಲ್ದೇ ಇರೋರು ಮುಂದೆ ಕೂತಿದಾರೆ. ಮೈಕ್ ಆನ್ ಆಗೇ ಇದೆ."

ಹೋದೆ. ಮೈಕಿನಲ್ಲಿ ಹೇಳಿದೆ, ಸೈತಾನನ ಹೆಸರು ಎತ್ತದೆ. ಇಡೀ ಸಭೆ ಕನ್ನಡಕ ಒರೆಸತೊಡಗಿತು. ವಾಪಸ್ ಬಂದು ದೊಡ್ಡಮ್ಮ ಕೂರುತ್ತಿದ್ದ ಬೆಂಚಿನಲ್ಲಿ ಕೂತೆ. ಭೋಜನಕ್ಕೆ ಕರೆದಾಗ ಏಳಲಿಲ್ಲ, ಏಳೋ ಮುಖ ಇರಲಿಲ್ಲ.

ಹಿಂದಿನ ಬೆಂಚು ಕಿರುಗುಟ್ಟಿತು. ರೂತ್ ತಲೆ ಮೇಲೆ ಸೆರಗೆಳೆದುಕೊಂಡು, ನನ್ನ ಕಡೆ ನೋಡದೆ ನನ್ನನ್ನು ದಾಟಿ ಹೋದಳು. ಮುಂದೆ ಮೊಣಕಾಲೂರಿ, ದೊಡ್ಡಮ್ಮನ ರಸ ಕುಡಿದಳು.