ಪರದೆಯ ಹೊರಗೆ ಉಳಿದ ತಾರೀಖು

2003ರ ಜುಲೈ, ಸೋಮವಾರ, ಬೆಳಿಗ್ಗೆ ಹತ್ತೂವರೆ. ಕಲಬುರಗಿಯ ಖಾಸಗಿ ನರ್ಸಿಂಗ್ ಶಾಲೆಯೊಂದರ ಪ್ರವೇಶ ವಿಭಾಗದಲ್ಲಿ ನಾಲ್ವರಿದ್ದೆವು: ವಿಭಾಗದ ಅಧೀಕ್ಷಕನಾಗಿದ್ದ ನಾನು, ನಮ್ಮ ವೆಬ್‌ಸೈಟ್ ರೂಪಿಸಿದ್ದ ಮೋಮಿನಪುರದ ಇಮ್ತಿಯಾಜ್, ಕಮಲಾಪುರದ ಅಂಗನವಾಡಿ ಸಹಾಯಕಿ ಕಾಶಿಬಾಯಿ, ಆಕೆಯ ಮಗಳು ಮಹಾನಂದಾ.

ಮಹಾನಂದಾ ಆಯ್ಕೆಪಟ್ಟಿಯಲ್ಲಿದ್ದಳು. ದಾಖಲೆ ಪರಿಶೀಲನೆಗೆ ಹಿಂದಿನ ಗುರುವಾರ ಬರಬೇಕಿತ್ತು, ಬರಲಿಲ್ಲ. ನಿಯಮದಂತೆ ಶನಿವಾರ ಆ ಸೀಟು ಕಾಯುವ ಪಟ್ಟಿಯ ಮೊದಲ ಹುಡುಗಿಗೆ ಹೋಯಿತು. ಆದೇಶದ ಮೇಲಿನ ಸಹಿ ನನ್ನದು. ಕಾಯಿಲೆಯ ತಂದೆಯನ್ನು ನೋಡಿಕೊಳ್ಳಲು ಕೆಲವು ವರ್ಷ ಮನೆಯಲ್ಲೇ ಉಳಿದಿದ್ದ ಅವಳಿಗೆ ಮುಂದಿನ ವರ್ಷ ಪ್ರವೇಶದ ವಯೋಮಿತಿ ಮೀರುತ್ತಿತ್ತು.

“ತಾರೀಖು ವೆಬ್‌ಸೈಟಿನಾಗ ಹಾಕೀವಲ್ರಿ ಅಕ್ಕಾರ,” ಎಂದೆ.

ಕಾಶಿಬಾಯಿ ಚೀಲದಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಕಮಲಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ತೆಗೆಸಿದ್ದ ಪ್ರಿಂಟ್. “ಇದರಾಗ ಎಲ್ಲಿ ಅದ, ತೋರಸ್ರಿ ಸಾಹೇಬ್ರ. ಹೆಸರದ, ನಂಬರದ, ಮಾರ್ಕ್ಸ್ ಅದ. ತಾರೀಖು ಕಾಗದದಾಗ ಬರ್ತದಂತ ದಿನಾ ಪೋಸ್ಟಮನ್ನನ ದಾರಿ ನೋಡೀವಿ.”

ಹಾಳೆಯ ಬಲ ಅಂಚು ಅಂಕಗಳ ಕಾಲಂಗೇ ಮುಗಿದಿತ್ತು. ಕಾಗದವೂ ಹೋಗಿರಲಿಲ್ಲ. ವೆಬ್‌ಸೈಟ್ ಇದೆಯಲ್ಲ ಎಂದು ಆ ವರ್ಷ ಅಂಚೆ ನಿಲ್ಲಿಸಿದವನು ನಾನೇ.

ಪುಟದ ಅಗಲವನ್ನು ಏಪ್ರಿಲ್‌ನಲ್ಲಿ ನಿರ್ಧರಿಸಿದ್ದೆವು. ರೆಸಲ್ಯೂಶನ್ ಎಂದರೆ ಪರದೆಯಲ್ಲಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಚುಕ್ಕೆಗಳೆಂಬ ಲೆಕ್ಕ. ಊರುಗಳ ಅಂಗಡಿಗಳಲ್ಲಿರುವ ಚಿಕ್ಕ ಪರದೆಗೆ ಹೊಂದುವ 800×600 ಸಾಕೆಂದಿದ್ದ ಇಮ್ತಿಯಾಜ್. ನನ್ನ ಮೇಜಿಗೆ ಆಗಷ್ಟೇ ಹದಿನೇಳು ಇಂಚಿನ ಮಾನಿಟರ್ ಬಂದಿತ್ತು; ಅದರ ಅಳತೆ 1024×768. ಅವನ ಪುಟ ಅದರಲ್ಲಿ ಎಡಕ್ಕೆ ಮುದುಡಿ ಬಲಗಡೆ ಖಾಲಿ ಬಿಡುತ್ತಿತ್ತು. ಆ ಖಾಲಿ ಜಾಗ ನನಗೆ ಅಶಿಸ್ತಾಗಿ ಕಂಡಿತು.

“ನಿಮ್ದು ಟಾಕೀಸಿನ ಪರದೆ ಆಗ್ಯದ್ರಿ ಸರ್. ಕಮಲಾಪುರದಾಗ ಇನ್ನಾ ಕಿಡಕಿ ಅದ,” ಎಂದಿದ್ದ.

“ಮಂದಿ ಕಿಡಕಿ ನೋಡಿ ನಾವು ಮನಿ ಕಟ್ಟಬೇಕೇನಪಾ?” ಎಂದು ನಕ್ಕು 1024ಕ್ಕೇ ಒಪ್ಪಿಗೆ ಬರೆದೆ. ಪಟ್ಟಿಯ ಕಾಲಂಗಳು ನಮ್ಮ ರಿಜಿಸ್ಟರಿನ ಕ್ರಮದಲ್ಲೇ ಇರಬೇಕೆಂದೂ ಹೇಳಿದೆ. ರಿಜಿಸ್ಟರಿನಲ್ಲಿ ಹಾಜರಾಗುವ ತಾರೀಖು ಕೊನೆಯ ಕಾಲಂ.

ಈಗ ಇಮ್ತಿಯಾಜ್ ನನ್ನ ಮಾನಿಟರನ್ನು 800×600ಕ್ಕೆ ಇಳಿಸಿದ. ಅಕ್ಷರಗಳು ದೊಡ್ಡವಾದವು, ತಾರೀಖಿನ ಕಾಲಂ ಬಲಗಡೆ ಪರದೆಯಾಚೆ ಹೋಯಿತು. ಪರದೆಯ ಕೆಳಗಿನ ಸ್ಕ್ರೋಲ್ ಪಟ್ಟಿಯನ್ನು ಮೌಸಿನಿಂದ ಬಲಕ್ಕೆ ಎಳೆದರಷ್ಟೇ ಅದು ಕಾಣುತ್ತಿತ್ತು. ಪ್ರಿಂಟಿನಲ್ಲಿ ಆ ದಾರಿಯೂ ಇಲ್ಲ.

“ಅಂದ್ರ, ಇತ್ತು,” ಎಂದಳು ಮಹಾನಂದಾ.

ಪ್ರಾಂಶುಪಾಲರ ಬಳಿ ಹೋಗಿ, ತಪ್ಪು ನನ್ನದೆಂದು ಬರೆದುಕೊಟ್ಟು, ಒಂದು ಸೀಟು ಹೆಚ್ಚಿಗೆ ಕೇಳಿದೆ.

“ಮಂಜೂರಾದದ್ದು ಮೀರಾಕ ಬರಂಗಿಲ್ರಿ. ಮುಂದ ಖಾಲಿ ಬಿದ್ರೂ ಕಾಯೋ ಪಟ್ಟಿಯವ್ರಿಗೇ ಹೋಗ್ತದ. ಸೇರಿದಾಕಿನ್ನ ಹೊರಗ ಹಾಕ್ಲೇನು?” ಎಂದರು. ವಿಭಾಗಕ್ಕೆ ಮರಳಿ ತಾಯಿ-ಮಗಳಿಗೆ ಅದನ್ನೇ ಹೇಳಿದೆ. ಕಾಶಿಬಾಯಿ ಹಾಳೆಯನ್ನು ಅದೇ ಮಡಿಕೆಗಳಲ್ಲಿ ಮಡಿಚಿಕೊಂಡು, ಮಗಳೊಡನೆ ಮಧ್ಯಾಹ್ನದ ಬಸ್ಸಿಗೆ ಹೊರಟರು.

ಆಯ್ಕೆಪಟ್ಟಿಯ ಎರಡನೆಯ ತಂಡದ ದಾಖಲೆ ಪರಿಶೀಲನೆ ಮುಂದಿನ ವಾರವಿತ್ತು. ಅವರಿಗೆಲ್ಲ ಅಂಚೆಯಲ್ಲಿ ಕಾಗದ ಹಾಕಿಸಿದೆ. ಸಂಜೆಯೊಳಗೆ ಪುಟವನ್ನು 800ರ ಅಗಲಕ್ಕೆ ತಂದು, ತಾರೀಖನ್ನು ಹೆಸರಿನ ಪಕ್ಕಕ್ಕಿಟ್ಟೆವು. ನನ್ನ ಮೇಜಿನ ಪರದೆಯಿಂದ ಊರಿನ ಪರದೆಗಳನ್ನು ಅಳೆಯಬಾರದು. ನೌಕರಿ ಕಲಿಸಿದ ಪಾಠ ಇದು. ಬೆಲೆ ತೆತ್ತದ್ದು ಮಾತ್ರ ನಾನಲ್ಲ, ಮಹಾನಂದಾ.

ಐದೂಕಾಲಿಗೆ ಕಮಲಾಪುರದ ಅಂಗಡಿಗೆ ಫೋನ್ ಮಾಡಿ, ಪುಟದ ಪ್ರಿಂಟ್ ತೆಗೆದು ನೋಡಲು ಹೇಳಿದೆ. ತುಸು ಹೊತ್ತಾದ ಮೇಲೆ ಅಂಗಡಿಯವನ ದನಿ ಬಂತು: “ಈಗ ಎಲ್ಲಾರ ತಾರೀಖೂ ಬಂದದ್ರಿ ಸರ್. ನಮ್ಮೂರ ಮಹಾನಂದಾಂದೂ ಬಂದದ. ಹೋದ ಗುರುವಾರ.”

ಫೋನಿಟ್ಟು ದಿನಚರಿಯಲ್ಲಿ ಬರೆದೆ: ಪರೀಕ್ಷಿಸಲಾಯಿತು, ಕಾಣುತ್ತದೆ.